ಅಂಗಳಕ್ಕೆಷ್ಟು ಜಲ್ಲಿ

ಕಾವೇರಿ ದಂಡೆಯವರಿಗೆ ಘನ ಅಡಿಯ ಪಾಠವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಜುಲೈ ಹಿಡಿಯಿತೆಂದರೆ ಇಡೀ ಸೀಮೆ ಅದರಲ್ಲೇ ಮಾತಾಡುತ್ತದೆ. ಕಟ್ಟೆಯಿಂದ ಎಷ್ಟು ಬಿಟ್ಟರಂತೆ, ಕಬಿನಿಯಿಂದ ಎಷ್ಟು ಬರುತ್ತಿದೆಯಂತೆ ಎಂದು ಹೋಟೆಲಿನ ಬೆಂಚಿನ ಮೇಲೆ ಕೂತವರು ಕೇಳುವುದೂ ಹೇಳುವುದೂ ಕ್ಯೂಸೆಕ್ಕಿನಲ್ಲೇ. ಸೆಕೆಂಡಿಗೆ ಒಂದು ಘನ ಅಡಿ ನೀರು ಹರಿದರೆ ಒಂದು ಕ್ಯೂಸೆಕ್. ನೂರು ಕೋಟಿ ಘನ ಅಡಿ ನಿಂತರೆ ಒಂದು ಟಿಎಂಸಿ. ಕನ್ನಂಬಾಡಿ ಕಟ್ಟೆ 124.80 ಅಡಿ ಮುಟ್ಟಿದರೆ ಅದರ ಹೊಟ್ಟೆಯಲ್ಲಿ 49.45 ಟಿಎಂಸಿ ನೀರಿದೆ ಎಂಬುದು ನಮ್ಮ ಕಡೆ ಶಾಲೆಯ ಮೆಟ್ಟಿಲು ಹತ್ತದವರಿಗೂ ಗೊತ್ತು. ಇಷ್ಟು ದೊಡ್ಡ ಸಂಖ್ಯೆಯನ್ನು ನಾಲಿಗೆ ತುದಿಯಲ್ಲಿ ಇಟ್ಟುಕೊಂಡವರು ಮನೆ ಮುಂದಿನ ಅಂಗಳಕ್ಕೆ ಜಲ್ಲಿ ಹಾಕಿಸುವಾಗ ಮಾತ್ರ ಲೆಕ್ಕವನ್ನು ಟ್ರ್ಯಾಕ್ಟರಿನವನಿಗೆ ಬಿಟ್ಟುಬಿಡುತ್ತಾರೆ. ‘ಒಂದೆರಡು ಲೋಡು ಹಾಕ್ಸಿ ಕನ, ಸಾಕಾಯ್ತದ’ ಎಂದು ಅವನು ಹೇಳಿದರೆ ಅಷ್ಟೇ. ನನಗೆ ಇದು ಸಣ್ಣ ವಿಷಯ ಅನ್ನಿಸುವುದಿಲ್ಲ. ನೀರಿಗಾದರೆ ಮುಂದಿನ ವರ್ಷ ಮತ್ತೊಂದು ಮಳೆಗಾಲವಿದೆ. ಒಡೆದ ಗುಡ್ಡಕ್ಕೆ ಇಲ್ಲ.

ಜಲ್ಲಿ, ಎಂ-ಸ್ಯಾಂಡ್, ಗ್ರಾವಲ್ಲು ಎಲ್ಲಕ್ಕೂ ನಮ್ಮಲ್ಲಿ ಯೂನಿಟ್ಟಿನ ಲೆಕ್ಕ. ಒಂದು ಯೂನಿಟ್ ಎಂದರೆ ನೂರು ಘನ ಅಡಿ. ಬೆಳಗಾವಿ, ಹುಬ್ಬಳ್ಳಿ ಕಡೆಯವರು ಇದನ್ನೇ ಬ್ರಾಸ್ ಅನ್ನುತ್ತಾರೆ. ಹಾಗೆ ನೋಡಿದರೆ ಹೊಳೆಯಲ್ಲಿ ಒಂದು ಲಕ್ಷ ಕ್ಯೂಸೆಕ್ ಹರಿಯುತ್ತಿದೆ ಎಂಬ ಮಾತಿಗೆ, ಸೆಕೆಂಡಿಗೆ ಸಾವಿರ ಯೂನಿಟ್ ನೀರು ಊರನ್ನು ದಾಟಿ ಹೋಗುತ್ತಿದೆ ಎಂದೇ ಅರ್ಥ. ಹೊಳೆಗೂ ಅಂಗಳದ ಜಲ್ಲಿಗೂ ಒಂದೇ ಅಳತೆ. ನಮ್ಮ ಅಕ್ಕನನ್ನು ಕೊಟ್ಟ ಮುಳ್ಳೂರಿನಲ್ಲಿ ಈ ಎರಡು ಲೆಕ್ಕಗಳೂ ಒಂದೇ ಅಂಗಳದಲ್ಲಿ ಸಂಧಿಸುತ್ತವೆ.

ಮುಳ್ಳೂರು ಕೊಳ್ಳೇಗಾಲ ತಾಲ್ಲೂಕಿನ ಹೊಳೆಯಂಚಿನ ಊರು. ತಿರುಮಕೂಡಲಿನಲ್ಲಿ ಕಬಿನಿಯನ್ನು ಕೂಡಿಸಿಕೊಂಡ ಕಾವೇರಿ ತಲಕಾಡನ್ನು ಬಳಸಿ ನಮ್ಮ ಕಡೆಗೆ ಇಳಿದು, ಮುಂದೆ ಶಿವನಸಮುದ್ರದಲ್ಲಿ ಗಗನಚುಕ್ಕಿ, ಭರಚುಕ್ಕಿಗಳಾಗಿ ಧುಮುಕುತ್ತದೆ. ಎರಡು ಅಣೆಕಟ್ಟೆಗಳ ಗೇಟು ಒಟ್ಟಿಗೆ ಎತ್ತಿದ ವರ್ಷ ಈ ನಡುವಿನ ಊರುಗಳ ಗತಿ ಏನೆಂಬುದನ್ನು 2018ರಲ್ಲೂ 2019ರ ಆಗಸ್ಟಿನಲ್ಲೂ ಕಂಡಿದ್ದೇವೆ. ದಾಸನಪುರ, ಹರಳೆ, ಹಳೇ ಹಂಪಾಪುರ, ಹಳೇ ಅಣಗಳ್ಳಿಗಳ ಜೊತೆ ಮುಳ್ಳೂರಿಗೂ ನೀರು ಬಂತು. ನೀರು ಬಂದದ್ದು ಎಲ್ಲರಿಗೂ ಸುದ್ದಿ. ಇಳಿದ ಮೇಲೆ ಉಳಿಯುವ ಗೋಡು ಮಣ್ಣು ಮಾತ್ರ ಮನೆಯವರದ್ದೇ ಪಾಡು. ಗದ್ದೆಗೆ ಅದು ಬಂಗಾರ. ಅಂಗಳದಲ್ಲಿ ಬಿದ್ದರೆ ಮುಂದಿನ ಪ್ರತಿ ಮಳೆಗೂ ಕಾಲು ಹೂಳುತ್ತದೆ, ದನ ಜಾರುತ್ತದೆ, ಹಾಲಿನ ಕ್ಯಾನು ಹಿಡಿದು ಬರುವವರು ಗೋಡೆ ಹಿಡಿದು ನಡೆಯಬೇಕಾಗುತ್ತದೆ. ಹಾಗಾಗಿ ಅಂಗಳ ಎತ್ತರಿಸಿ ಜಲ್ಲಿ ಹರಡಬೇಕು ಎಂದು ಭಾವ ತೀರ್ಮಾನಿಸಿದರು. ಎಷ್ಟು ತರಿಸಬೇಕು ಎಂಬ ಪ್ರಶ್ನೆ ನನ್ನ ಪಾಲಿಗೆ ಬಂತು.

ತಲಕಾಡಿನ ಹೆಸರು ಬಂದಾಗ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. 2020ರ ಡಿಸೆಂಬರಿನಲ್ಲಿ ಪಂಚಲಿಂಗ ದರ್ಶನ ನಡೆಯಿತಲ್ಲ, ಅದಕ್ಕೆ ಮುಂಚೆಯೂ ಆಮೇಲೂ ಎಷ್ಟೋ ಸಲ ಆ ಮರಳ ದಿಬ್ಬಗಳ ಮೇಲೆ ನಡೆದಿದ್ದೇನೆ. ಕೀರ್ತಿನಾರಾಯಣನ ಗುಡಿಯನ್ನು ಮರಳು ತೋಡಿ ಹೊರತೆಗೆದರು. ಗುಡಿಯ ಸುತ್ತ ಇಳಿಜಾರಾಗಿ ನಿಂತ ಮರಳಿನ ಗೋಡೆಯನ್ನು ನೋಡಿದರೆ ಒಂದು ಸಂಗತಿ ಕಣ್ಣಿಗೆ ಕಟ್ಟುತ್ತದೆ: ಸಡಿಲ ವಸ್ತು ತನಗೆ ಬೇಕಾದ ಓರೆಯಲ್ಲೇ ನಿಲ್ಲುತ್ತದೆ. ಅದಕ್ಕಿಂತ ಕಡಿದಾಗಿ ಮಾಡಲು ಹೋದರೆ ಜಾರಿ ಬಂದು ಮತ್ತೆ ಅದೇ ಓರೆಗೆ ಕೂರುತ್ತದೆ. ಮರಳಿಗೆ ಒಂದು ಓರೆ, ಜಲ್ಲಿಗೆ ಒಂದು, ರಾಗಿಗೆ ಒಂದು. ಈ ಸಂಗತಿ ಮುಂದೆ ನಮ್ಮ ಲೆಕ್ಕಕ್ಕೆ ಬಹಳ ನೆರವಾಯಿತು.

ಮೊದಲು ಅಂಗಳ. ಅಳತೆ ಪಟ್ಟಿ ಹಿಡಿದು ನೋಡಿದರೆ ಮನೆಯ ಮುಂದೆ ಮೂವತ್ತು ಅಡಿ ಉದ್ದ, ಗೇಟಿನವರೆಗೆ ಇಪ್ಪತ್ತು ಅಡಿ. ಮೂವತ್ತಿಪ್ಪತ್ತಲ ಆರುನೂರು ಚದರಡಿ. ಬಹುಪಾಲು ಜನ ಇಲ್ಲಿಗೇ ನಿಲ್ಲಿಸಿ ಮುಂದಿನ ಗುಣಾಕಾರಕ್ಕೆ ಹೋಗುತ್ತಾರೆ. ಅಂಗಳ ಅಂದರೆ ಬರೀ ಉದ್ದ ಅಗಲವಲ್ಲ, ಅದರೊಳಗೆ ಮನೆಯವರ ಬದುಕಿದೆ. ನಾಲ್ಕಡಿ ನಾಲ್ಕಡಿಯ ತುಳಸಿಕಟ್ಟೆ ಇದೆ, ಅದಕ್ಕೆ ಹದಿನಾರು ಚದರಡಿ ಕಳೆಯಬೇಕು. ಹೊರಸುತ್ತು ಆರಡಿ ಅಡ್ಡಗಲದ ಬಾವಿಯ ಕಟ್ಟೆ ಇದೆ, ದುಂಡಗಿನದು, ಅದು ಇಪ್ಪತ್ತೆಂಟು. ಎರಡು ತೆಂಗಿನ ಮರದ ಪಾತಿಗಳು, ಒಂದೊಂದೂ ಬಾವಿಯಷ್ಟೇ, ಒಟ್ಟು ಐವತ್ತಾರು. ತೆಂಗಿನ ಬುಡಕ್ಕೆ ಗ್ರಾವಲ್ಲು ತುಂಬಿ ದಮ್ಮಸ್ಸು ಮಾಡಿದರೆ ಬೇರು ಉಸಿರಾಡುವುದಿಲ್ಲ. ಇಲ್ಲಿಗೆ ನೂರಾಯಿತು.

ಇನ್ನೊಂದನ್ನು ಅಕ್ಕ ಹೇಳಿದಳು. ಹೊಸಲಿನ ಮುಂದೆ ಹತ್ತಡಿ ಉದ್ದ, ಐದಡಿ ಅಗಲ ಜಾಗಕ್ಕೆ ಯಾವ ಕಲ್ಲೂ ಬೀಳಕೂಡದು, ಅದು ಸಗಣಿ ಸಾರಿಸಿ ರಂಗೋಲಿ ಬಿಡುವ ನೆಲ. ಅವಳು ಹೇಳದಿದ್ದರೆ ಪಟ್ಟಿಯಲ್ಲಿ ಅದು ಸೇರುತ್ತಲೇ ಇರಲಿಲ್ಲ. ಪಟ್ಟಣದ ಮನೆಗಳ ಮುಂದೆ ಗೋಡೆಯಿಂದ ಗೋಡೆಗೆ ಬಿಳಿ ಉರುಟುಗಲ್ಲು ಸುರಿದದ್ದನ್ನು ನೋಡುವಾಗಲೆಲ್ಲ, ಈ ಮನೆಯ ಹೆಂಗಸರು ಬೆಳಿಗ್ಗೆ ಎಲ್ಲಿ ನೀರು ಹಾಕುತ್ತಾರೆ, ಎಲ್ಲಿ ಎಳೆ ಎಳೆಯುತ್ತಾರೆ ಎಂದು ನನಗೆ ಚಿಂತೆಯಾಗುತ್ತದೆ. ಕಲ್ಲು ಎಲ್ಲಿ ಬೇಡ ಎಂಬುದು ಗೊತ್ತಾಗದೆ ಎಷ್ಟು ಬೇಕು ಎಂಬುದು ಗೊತ್ತಾಗುವುದಿಲ್ಲ. ಆ ಐವತ್ತನ್ನೂ ಕಳೆದಾಗ ಉಳಿದದ್ದು ನಾಲ್ಕುನೂರ ಐವತ್ತು ಚದರಡಿ.

ಮುಂದೆ ದಪ್ಪ. ಇಲ್ಲಿ ಅಡಿಯನ್ನೂ ಇಂಚನ್ನೂ ಬೆರೆಸಿ ಗೊಂದಲ ಮಾಡಿಕೊಳ್ಳುವವರೇ ಹೆಚ್ಚು. ಹಳೇ ಮೇಸ್ತ್ರಿಗಳ ದಾರಿ ಬಲು ಸಲೀಸು. ಅಡಿಗೆ ಹನ್ನೆರಡು ಇಂಚಾದ್ದರಿಂದ, ಎರಡಿಂಚು ದಪ್ಪ ಬೇಕಾದರೆ ಚದರಡಿಯನ್ನು ಆರರಿಂದ ಭಾಗಿಸು, ಮೂರಿಂಚಿಗೆ ನಾಲ್ಕರಿಂದ, ನಾಲ್ಕಿಂಚಿಗೆ ಮೂರರಿಂದ, ಅರ್ಧ ಅಡಿಗೆ ಎರಡರಿಂದ. ಬಂದದ್ದೇ ಘನ ಅಡಿ. ನಾಲ್ಕುನೂರು ಚದರಡಿ ಅಂಗಳಕ್ಕೆ ಮೂರಿಂಚು ಹರಡಲು ಸರಿಯಾಗಿ ಒಂದು ಯೂನಿಟ್ ಬೇಕು. ಈ ಒಂದು ಸಾಲು ನೆನಪಿದ್ದರೆ ಸಾಕು, ಯಾವ ಅಂಗಳದ ಮುಂದೆ ನಿಂತರೂ ಮನಸ್ಸಿನಲ್ಲೇ ಹೆಚ್ಚುಕಮ್ಮಿ ಹೇಳಬಹುದು.

ಎಷ್ಟು ದಪ್ಪ ಎಂಬುದನ್ನು ತೀರ್ಮಾನಿಸುವುದು ನೆಲ. ಹೊಳೆಯ ಗೋಡಿನ ಮೇಲೆ ನೇರವಾಗಿ ಜಲ್ಲಿ ಸುರಿದರೆ ಒಂದೇ ಮಳೆಗಾಲದಲ್ಲಿ ಅದು ಕೆಳಗಿಳಿಯುತ್ತದೆ. ಮಣ್ಣು ಮೇಲಕ್ಕೆ ಹಿಸುಕಿ ಬರುತ್ತದೆ. ಭಾವ ಗೇಟಿನ ಹತ್ತಿರ ಒಂದು ಗುಂಡಿ ತೋಡಿದಾಗ ನಾನು ಬಗ್ಗಿ ನೋಡಿದೆ. ಮೇಲೆ ಬೂದುಬಣ್ಣದ ನುಣುಪು ಗೋಡು, ಒಣಗಿ ಸಿಪ್ಪೆ ಸಿಪ್ಪೆಯಾಗಿ ಏಳುವಂಥದ್ದು. ಅದರ ಕೆಳಗೆ ಯಾವುದೋ ಕಾಲದಲ್ಲಿ ಹಾಕಿಸಿದ ಜಲ್ಲಿ, ಸಂದುಸಂದಿಗೂ ಮಣ್ಣು ತುಂಬಿ ಗಾರೆಯಷ್ಟು ಗಟ್ಟಿ. ಅದರಡಿ ಮತ್ತೆ ಗೋಡು. ಅಷ್ಟು ಕಲ್ಲು ಯಾರಿಗೂ ಕಾಣದೆ ನೆಲದೊಳಗೆ ಸೇರಿಹೋಗಿತ್ತು. ಆದ್ದರಿಂದ ಕೆಳಗೆ ಕೆಂಪು ಗ್ರಾವಲ್ಲು ನಾಲ್ಕಿಂಚು, ನೀರು ಹೊಡೆದು ದಮ್ಮಸ್ಸು ಮಾಡಿ ಗಟ್ಟಿಯಾದ ಮೇಲೆ ಅದರ ಮೇಲೆ 12 ಎಂಎಂ ಜಲ್ಲಿ ಎರಡಿಂಚು ಎಂದು ನಿಶ್ಚಯವಾಯಿತು. 20 ಎಂಎಂ ಆದರೆ ಬರಿಗಾಲಿಗೆ ಚುಚ್ಚುತ್ತದೆ. 40 ಎಂಎಂ ರಸ್ತೆಗೆ, ಅಂಗಳಕ್ಕಲ್ಲ.

ಈ ಅಳತೆಗಳನ್ನು ಗಮನಿಸಿ. ಕಲ್ಲಿನ ಗಾತ್ರ ಮಿಲಿಮೀಟರಿನಲ್ಲಿ, ರಾಶಿಯ ಗಾತ್ರ ಘನ ಅಡಿಯಲ್ಲಿ. 1956ರಲ್ಲಿ ಮೆಟ್ರಿಕ್ ಅಳತೆಯ ಕಾಯಿದೆ ಬಂತು. ಅದೇ ವರ್ಷ ನವೆಂಬರ್ 1ರಂದು ಕೊಳ್ಳೇಗಾಲ ತಾಲ್ಲೂಕು ಮದರಾಸಿನ ಕೊಯಮತ್ತೂರು ಜಿಲ್ಲೆಯನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಬಂತು. ರಾಜ್ಯ ಬದಲಾದದ್ದು ಒಂದೇ ದಿನದಲ್ಲಿ. ಅಳತೆ ಮಾತ್ರ ಇಂದಿಗೂ ಅರ್ಧ ಅಲ್ಲಿ, ಅರ್ಧ ಇಲ್ಲಿ. ನನಗೆ ಇದರಲ್ಲಿ ತಕರಾರಿಲ್ಲ. ಕ್ರಷರಿನ ಜರಡಿಗೆ ಮಿಲಿಮೀಟರ್ ಒಗ್ಗಿದೆ, ಮನುಷ್ಯನ ಕಾಲಿಗೆ ಅಡಿ ಒಗ್ಗಿದೆ.

ಗ್ರಾವಲ್ಲಿಗೆ ನಾಲ್ಕುನೂರ ಐವತ್ತನ್ನು ಮೂರರಿಂದ ಭಾಗಿಸಿದರೆ ನೂರ ಐವತ್ತು ಘನ ಅಡಿ. ಇದು ಗಟ್ಟಿಯಾದ ಮೇಲಿನ ಲೆಕ್ಕ. ಟ್ರ್ಯಾಕ್ಟರಿನಿಂದ ಸುರಿದದ್ದು ಸಡಿಲ, ದಮ್ಮಸ್ಸು ಮಾಡಿದರೆ ಕುಗ್ಗುತ್ತದೆ. ರಸ್ತೆ ಕೆಲಸದಲ್ಲಿ ಉರುಳೆ ಹೊಡೆಯುವ ಜಲ್ಲಿಗೆ ಮೂರನೇ ಒಂದರಷ್ಟು ಹೆಚ್ಚು ಹಿಡಿಯುವುದು ರೂಢಿ. ಅಂಗಳಕ್ಕೂ ಅದೇ ಹಿಡಿದೆವು. ಐವತ್ತು ಸೇರಿ ಇನ್ನೂರಾಯಿತು, ಎರಡು ಯೂನಿಟ್. ಮೇಲಿನ ಜಲ್ಲಿ ಎರಡಿಂಚಿಗೆ ಆರರಿಂದ ಭಾಗಿಸಿ ಎಪ್ಪತ್ತೈದು. ತುಳಸಿಕಟ್ಟೆ, ಬಾವಿ, ತೆಂಗಿನ ಪಾತಿ, ರಂಗೋಲಿಯ ನೆಲ ಯಾವುದನ್ನೂ ಕಳೆಯದೆ ಆರುನೂರಕ್ಕೇ ಲೆಕ್ಕ ಹಾಕಿದ್ದರೆ ಒಟ್ಟು ತೊಂಬತ್ತು ಘನ ಅಡಿಗೂ ಮೇಲೆ ಹೆಚ್ಚು ಬರುತ್ತಿತ್ತು. ಅದು ಹತ್ತಿರಹತ್ತಿರ ಒಂದು ಟ್ರ್ಯಾಕ್ಟರ್ ಕಲ್ಲು.

ನೀರು ಮನೆಯತ್ತ ಬರದಂತೆ ಅಂಗಳಕ್ಕೆ ವಾಟ ಕೊಡಬೇಕಲ್ಲ, ಆಗ ದಪ್ಪ ಎಲ್ಲ ಕಡೆ ಒಂದೇ ಇರುವುದಿಲ್ಲ ಎಂದು ಭಾವ ಕೇಳಿದರು. ಒಳ್ಳೆಯ ಪ್ರಶ್ನೆ. ಮನೆಯ ಬದಿಗೆ ಆರಿಂಚು, ಗೇಟಿನ ಬದಿಗೆ ಎರಡಿಂಚು ಇಟ್ಟರೆ ಸರಾಸರಿ ನಾಲ್ಕೇ. ಇಪ್ಪತ್ತಡಿಗೆ ನಾಲ್ಕಿಂಚು ಇಳಿಜಾರು ಸಿಕ್ಕಿತು, ಗ್ರಾವಲ್ಲು ಒಂದು ಬಾಂಡ್ಲಿಯೂ ಹೆಚ್ಚಾಗಲಿಲ್ಲ. ಇನ್ನೂ ಎತ್ತರಿಸೋಣ, ಮುಂದಿನ ಪ್ರವಾಹಕ್ಕೆ ಆಗುತ್ತದೆ ಎಂದು ಯಾರೋ ಸಲಹೆ ಕೊಟ್ಟರು. ಲಕ್ಷ ಕ್ಯೂಸೆಕ್ ದಾಟಿದ ಹೊಳೆಗೆ ಒಂದು ಅಂಗಳದ ಎತ್ತರ ಲೆಕ್ಕಕ್ಕೇ ಇಲ್ಲ. ಎತ್ತರಿಸಿದ ಅಂಗಳದಿಂದ ಇಳಿಯುವ ಮಳೆನೀರಂತೂ ಪಕ್ಕದ ಮನೆಗೆ ನುಗ್ಗುತ್ತದೆ. ಒಬ್ಬರು ಏರಿಸಿದರೆ ಪಕ್ಕದವರೂ ಏರಿಸಬೇಕು, ಅವರಾದ ಮೇಲೆ ಮತ್ತೊಬ್ಬರು. ಹಾಗೆ ಓಣಿಯೇ ಕಾಲುವೆಯಾಗಿಬಿಟ್ಟ ಊರುಗಳನ್ನು ನೋಡಿದ್ದೇನೆ.

ಕಲ್ಲಿನ ಲೆಕ್ಕದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕಲ್ಲಿಲ್ಲದ ಜಾಗ. ಒಂದು ಬಕೆಟ್ ತುಂಬ 12 ಎಂಎಂ ಜಲ್ಲಿ ತುಂಬಿ, ಬಾಯಿಗೆ ಸಮನಾಗಿ ಪಟ್ಟಿ ಎಳೆದು, ಒಂದು ಲೋಟದಿಂದ ನಿಧಾನಕ್ಕೆ ನೀರು ಸುರಿಯುತ್ತ ಹೋಗಿ. ತುಂಬಿದ ಬಕೆಟ್ಟಿಗೆ ಮತ್ತೇನು ಹಿಡಿಯುತ್ತದೆ ಅನ್ನಿಸುತ್ತದೆ. ಮೊದಲ ಲೋಟ ಹೋದದ್ದೇ ಗೊತ್ತಾಗುವುದಿಲ್ಲ. ಗುಳುಗುಳು ಎನ್ನುತ್ತ ಗುಳ್ಳೆ ಏಳುತ್ತವೆ, ಮೇಲಿನ ಕಲ್ಲುಗಳ ದೂಳು ತೊಳೆದು ನೀಲಿಗಪ್ಪು ಬಣ್ಣ ಬಿಡುತ್ತದೆ, ಅಲ್ಲೊಂದು ಇಲ್ಲೊಂದು ಕಣದಲ್ಲಿ ಅಭ್ರಕ ಮಿಣುಕುತ್ತದೆ. ನೀರು ಮಾತ್ರ ಮೇಲೆ ಕಾಣುವುದಿಲ್ಲ. ಹತ್ತು ಲೀಟರಿನ ಬಕೆಟ್ಟಿಗೆ ಕೊನೆಗೆ ನಾಲ್ಕು ಲೀಟರಿನ ಆಸುಪಾಸು ನೀರು ಹಿಡಿಯುತ್ತದೆ. ಅಂದರೆ ನಾವು ದುಡ್ಡು ಕೊಟ್ಟು ತರಿಸುವ ಜಲ್ಲಿಯಲ್ಲಿ ಐದರಲ್ಲಿ ಎರಡು ಪಾಲು ಬರೀ ಸಂದು.

ಇದು ಮೋಸವಲ್ಲ, ಈ ಸಂದೇ ಅಂಗಳಕ್ಕೆ ಬೇಕಾದ್ದು. ಎಪ್ಪತ್ತೈದು ಘನ ಅಡಿ ಜಲ್ಲಿಯಲ್ಲಿ ಮೂವತ್ತು ಘನ ಅಡಿ ಸಂದು, ಎಂದರೆ ಸುಮಾರು 850 ಲೀಟರ್ ನೀರಿಗೆ ಜಾಗ. ಜೋರು ಮಳೆ ಬಂದಾಗ ಅಷ್ಟು ನೀರು ಕಲ್ಲಿನ ಕೆಳಗೆ ಇಳಿದು ಮೆಲ್ಲಗೆ ವಾಟದ ಕಡೆ ಸರಿಯುತ್ತದೆ. ನಡೆಯುವವರ ಕಾಲು ಒಣಗಿರುತ್ತದೆ. ಎಲ್ಲ ಗಾತ್ರದ ಕಲ್ಲೂ, ಕ್ರಷರಿನ ದೂಳೂ ಬೆರೆತ ಅಗ್ಗದ ಮಾಲು ತರಿಸಿದರೆ ದೊಡ್ಡ ಕಲ್ಲಿನ ಸಂದಿಗೆ ಸಣ್ಣದು, ಸಣ್ಣದರ ಸಂದಿಗೆ ದೂಳು ಸೇರಿ ಗಟ್ಟಿ ಪದರವಾಗುತ್ತದೆ. ಕೆಳಪದರಕ್ಕೆ ಅದು ಒಳ್ಳೆಯದು. ಮೇಲ್ಪದರಕ್ಕೆ ಕೂಡದು. ತೂಕದಲ್ಲಿ ಮಾರುವವರ ಹತ್ತಿರ ಹೋದಾಗಲೂ ಈ ಸಂದಿನ ಅರಿವು ಇರಬೇಕು: ಗಟ್ಟಿ ಕಲ್ಲು ನೀರಿಗಿಂತ ಎರಡೂವರೆ ಪಾಲಿಗೂ ಮಿಕ್ಕಿ ತೂಗಿದರೂ ಸಡಿಲ ಜಲ್ಲಿ ಒಂದೂವರೆ ಪಾಲಿನ ಸುತ್ತಮುತ್ತ ತೂಗುತ್ತದೆ. ಒಂದು ಯೂನಿಟ್ ಜಲ್ಲಿ ನಾಲ್ಕು ಟನ್ನಿನ ಮೇಲೆ ಚಿಲ್ಲರೆ.

ಮೈಸೂರು, ಬೆಂಗಳೂರುಗಳಲ್ಲಿ ಕೈತೋಟಕ್ಕೆ ಚೀಲದಲ್ಲಿ ಮಾರುವ ನಯವಾದ ಉರುಟುಗಲ್ಲಿಗೂ ಈ ಲೆಕ್ಕವೇ. ಹತ್ತು ಚದರಡಿಗೆ ಎರಡಿಂಚು ಹರಡಲು ಎಪ್ಪತ್ತು ಕಿಲೋ ಹಿಡಿದುಕೊಳ್ಳಿ, ಹೆಚ್ಚು ತಪ್ಪುವುದಿಲ್ಲ. ಜಪಾನಿನ ಕ್ಯೋಟೋದ ರ್‍ಯೋಆನ್‌ಜಿ ಗುಡಿಯಲ್ಲಿ ಬಿಳಿ ಜಲ್ಲಿ ಹರಡಿದ ತೋಟವೊಂದಿದೆ. ಸುಮಾರು 250 ಚದರ ಮೀಟರ್ ಜಾಗ, ಅದರಲ್ಲಿ ಹದಿನೈದು ಬಂಡೆ, ಪಾಚಿ ಬಿಟ್ಟರೆ ಬೇರೆ ಹಸಿರಿಲ್ಲ. ಅಲ್ಲಿ ಕಲ್ಲು ಹರಡಿದ್ದು ಕೂತು ನೋಡುವುದಕ್ಕೆ. ಮುಳ್ಳೂರಿನಲ್ಲಿ ನಡೆಯುವುದಕ್ಕೆ. ಆದರೂ ಎರಡೂ ಕಡೆ ಹರಡಿದವನು ಮೊದಲು ಕೇಳಿಕೊಂಡಿರಬೇಕಾದ ಪ್ರಶ್ನೆ ಒಂದೇ.

ಕಲ್ಲು ಎಲ್ಲಿಂದ ಬರುತ್ತದೆ ಎಂಬುದನ್ನು ನಮ್ಮ ಸೀಮೆಯವರು ಮರೆಯುವ ಹಾಗಿಲ್ಲ. ನಮ್ಮ ಚಾಮರಾಜನಗರ ಜಿಲ್ಲೆಯ ಕರಿಕಲ್ಲಿಗೆ ದೇಶ ದಾಟಿ ಹೆಸರಿದೆ. ಬಿಳಿಗಿರಿರಂಗನ ಬೆಟ್ಟದ ಸಾಲಿನ ಕಲ್ಲು ಭೂಮಿಯ ಅತಿ ಹಳೆಯ ಕಲ್ಲುಗಳ ಸಾಲಿನದು, ಕೋಟಿಗಳನ್ನು ನೂರರ ಲೆಕ್ಕದಲ್ಲಿ ಎಣಿಸಬೇಕಾದಷ್ಟು ವಯಸ್ಸಿನದು. ಅದನ್ನು ನಮ್ಮ ಹಿಂದಿನವರು ಹೇಗೆ ಬಳಸಿದರು ಎಂದು ನೋಡಲು ಯಳಂದೂರಿಗೆ ಹೋಗಬೇಕು. ಗೌರೀಶ್ವರನ ಗುಡಿಯ ಬಳೆ ಮಂಟಪದಲ್ಲಿ ಕಲ್ಲನ್ನೇ ಕೊರೆದು ಒಂದರೊಳಗೊಂದು ಸಿಕ್ಕಿಸಿದ ಬಳೆಗಳನ್ನು ಮೂಲೆಗಳಲ್ಲಿ ಇಳಿಬಿಟ್ಟಿದ್ದಾರೆ. ಒಂದು ಏಟು ಹೆಚ್ಚು ಬಿದ್ದಿದ್ದರೆ ಇಡೀ ಸರ ಹೋಗುತ್ತಿತ್ತು. ಎಷ್ಟು ತೆಗೆಯಬೇಕು, ಎಷ್ಟು ಉಳಿಸಬೇಕು ಎಂಬ ಅಂದಾಜು ಆ ಕೈಗಳಿಗಿತ್ತು. ಸತ್ತೇಗಾಲದ ಹತ್ತಿರ 1830ರ ದಶಕದ ಮೊದಲಲ್ಲಿ ರಾಮಸ್ವಾಮಿ ಮೊದಲಿಯಾರರು ಕಟ್ಟಿಸಿದ ಹಳೇ ಸೇತುವೆಯನ್ನೂ ನೋಡಿ. ಕಲ್ಲಿನ ಕಂಬಗಳು, ಮೇಲೆ ಕಲ್ಲಿನ ತೊಲೆಗಳು. ಎಷ್ಟು ಪ್ರವಾಹ ಕಂಡವೋ. ಈಚಿನ ವರ್ಷಗಳಲ್ಲಿ ಅದರ ಒಂದು ಭಾಗ ನೀರಿನ ಪಾಲಾದಾಗ ಈ ಕಡೆಯ ಜನ ಮನೆಯ ಹಿರಿಯರು ಹೋದಷ್ಟೇ ಬೇಸರಪಟ್ಟರು.

ಈಗ ಅದೇ ಕಲ್ಲು ಮುಕ್ಕಾಲು ಪಾಲು ಜಲ್ಲಿಯಾಗಿ, ಪುಡಿಯಾಗಿ ಹೋಗುತ್ತಿದೆ. ಹೊಳೆಯ ಮರಳಿನ ಮೇಲೆ ಕಟ್ಟುಪಾಡು ಬಂದ ಮೇಲೆ ಮರಳನ್ನೂ ಬಂಡೆ ಅರೆದೇ ಮಾಡಬೇಕಾಗಿದೆ. 2022ರ ಮಾರ್ಚಿನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿ ಗುಡ್ಡದ ಕ್ವಾರಿಯಲ್ಲಿ ಬಂಡೆ ಕುಸಿದು ಕೂಲಿ ಮಾಡುತ್ತಿದ್ದವರು ಪ್ರಾಣ ಕಳೆದುಕೊಂಡರು. ಆ ಸುದ್ದಿ ಓದಿದ ಮೇಲೆ ‘ಒಂದು ಲೋಡು ಹೆಚ್ಚೇ ಇರಲಿ’ ಎಂಬ ಮಾತು ನನ್ನ ಬಾಯಲ್ಲಿ ಬರುವುದಿಲ್ಲ. ಮನೆಕಟ್ಟಿ ಮುಗಿದ ಎಷ್ಟು ಊರಲ್ಲಿ, ಎಷ್ಟು ರಸ್ತೆಯ ಪಕ್ಕದಲ್ಲಿ ಮಿಕ್ಕ ಜಲ್ಲಿ ಹುಲ್ಲು ಬೆಳೆದು ಬಿದ್ದಿರುವುದನ್ನು ನಾವು ದಿನಾ ನೋಡುತ್ತೇವೆ. ಅದರ ಒಂದೊಂದು ಬಾಂಡ್ಲಿಯೂ ಗುಡ್ಡದ ನೆತ್ತಿಯಿಂದ ಬಂದದ್ದು, ಯಾರೋ ಜೀವ ಪಣಕ್ಕಿಟ್ಟು ಇಳಿಸಿದ್ದು.

ಲೋಡು ಎಂಬುದು ಅಳತೆಯೇ ಅಲ್ಲ. ಟ್ರೈಲರಿನ ಒಳಗೆ ಹತ್ತಡಿ ಉದ್ದ, ಆರಡಿ ಅಗಲ, ಒಂದೂವರೆ ಅಡಿ ಎತ್ತರ ಇದ್ದರೆ ತೊಂಬತ್ತು ಘನ ಅಡಿ. ಒಂದು ಟ್ರೈಲರಿನಂತೆ ಇನ್ನೊಂದಿಲ್ಲ. ತಲೆ ತುಂಬಿಸಿ ತಂದರೆ ಹೆಚ್ಚು, ಮುಂದಿನ ಮೂಲೆ ಖಾಲಿ ಬಿಟ್ಟು ತಂದರೆ ಕಡಿಮೆ. ಕುಲುಕಾಡುತ್ತ ಬಂದ ಜಲ್ಲಿ ದಾರಿಯಲ್ಲಿ ಸ್ವಲ್ಪ ಕೂರುತ್ತದೆ. ಆದ್ದರಿಂದ ಸುರಿಯುವ ಮೊದಲು ಪಟ್ಟಿ ಹಿಡಿದು ಅಳೆಯುವುದು ಉತ್ತಮ. ಅಳೆಯಲು ಆಗದೆ ಸುರಿದೇಬಿಟ್ಟರೆ? ರಾಶಿ ಬಿದ್ದ ಮೇಲೆ ಅದರ ಲೆಕ್ಕ ಹೇಗೆ?

ಇದಕ್ಕೆ ಉತ್ತರ ಕಣದಲ್ಲಿದೆ. ಭತ್ತದ ರಾಶಿ ಮಾಡಿ ಪೂಜೆಗೆ ಮೊದಲು ಸುತ್ತ ನಿಂತ ಹಿರಿಯರು ಇಷ್ಟು ಖಂಡುಗ ಆಗುತ್ತದೆ ಎಂದು ಕಣ್ಣಳತೆಯಲ್ಲೇ ಹೇಳುತ್ತಿದ್ದರು. ಕೊಳಗದಲ್ಲಿ ಅಳೆಯತೊಡಗಿದಾಗ, ಒಂದು ಅನ್ನದೆ ಲಾಭ ಎಂದು ಎಣಿಕೆ ಶುರುಮಾಡಿ, ಕೊನೆಗೆ ಬಂದು ನಿಂತದ್ದು ಅವರು ಹೇಳಿದ ಆಜುಬಾಜಿನಲ್ಲೇ. ಆ ಕಣ್ಣಿನ ಹಿಂದೆ ಒಂದು ಶಾಸ್ತ್ರವೂ ಇದೆ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿದ್ದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಗುಂಡಿಯ ಅಗೆತಕ್ಕೇ ಒಂದು ಅಧ್ಯಾಯ ಮೀಸಲಿಟ್ಟರು. 12ನೆಯ ಶತಮಾನದ ರಾಜಾದಿತ್ಯ ಕನ್ನಡದಲ್ಲೇ ‘ವ್ಯವಹಾರಗಣಿತ’ ಬರೆದ. 1150ರ ಹೊತ್ತಿಗೆ ಭಾಸ್ಕರಾಚಾರ್ಯರು ‘ಲೀಲಾವತಿ’ಯಲ್ಲಿ ರಾಶಿಯ ಲೆಕ್ಕವನ್ನು ಕೊಟ್ಟರು. ರಾಶಿಯ ಸುತ್ತಳತೆಯನ್ನು ಆರರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಎತ್ತರದಿಂದ ಗುಣಿಸಿದರೆ ಘನಫಲ. ಎತ್ತರ ಅಳೆಯಲು ನಡುರಾಶಿಗೆ ಕೋಲು ಚುಚ್ಚುವುದೂ ಬೇಡ. ಸಣ್ಣ ಕಾಳಾದರೆ ಎತ್ತರ ಸುತ್ತಳತೆಯ ಹನ್ನೊಂದರಲ್ಲಿ ಒಂದು ಪಾಲು, ದಪ್ಪ ಕಾಳಾದರೆ ಹತ್ತರಲ್ಲಿ ಒಂದು, ಮುಳ್ಳುಳ್ಳ ಕಾಳಾದರೆ ಒಂಬತ್ತರಲ್ಲಿ ಒಂದು. ತಲಕಾಡಿನ ದಿಬ್ಬದಲ್ಲಿ ಕಂಡ ಓರೆಯ ಮಾತೇ ಇದು. ಮುಳ್ಳು ಮುಳ್ಳಿಗೆ ಸಿಕ್ಕಿಕೊಂಡ ಕಾಳು ಹೆಚ್ಚು ಕಡಿದಾಗಿ ನಿಲ್ಲುತ್ತದೆ. ಒಡೆದ ಜಲ್ಲಿಗೂ ಮೂಲೆಗಳಿವೆ, ಅದೂ ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ. ಒಂಬತ್ತರ ಪಾಲು ಲೆಕ್ಕ ಹಾಕಿದರೆ ಓರೆ ಸುಮಾರು 35 ಡಿಗ್ರಿ ಬರುತ್ತದೆ. ಜಲ್ಲಿಯ ರಾಶಿ ನಿಲ್ಲುವುದೂ ಸರಿಸುಮಾರು ಅಷ್ಟರಲ್ಲೇ.

ಇದನ್ನು ಹಾಳೆಯ ಮೇಲೆ ಗೀಚುತ್ತಿದ್ದಾಗ ಒಂದು ಸಂಗತಿ ಹೊಳೆದು ಎದ್ದು ನಿಂತೆ. ಸುತ್ತಳತೆಯನ್ನು ಆರರಿಂದ ಏಕೆ ಭಾಗಿಸಬೇಕು? ನಮ್ಮ ಹಗ್ಗದ ಅಳತೆ ಮಾರು. ಎರಡು ಕೈ ಚಾಚಿದಷ್ಟು ಉದ್ದ, ನಾಲ್ಕು ಮೊಳ, ಆರಡಿ. ಸುತ್ತಳತೆಯನ್ನು ಮಾರಿನಲ್ಲಿ ಅಳೆದರೆ ಆರರಿಂದ ಭಾಗಿಸುವ ಕೆಲಸ ಆಗಲೇ ಮುಗಿದಿರುತ್ತದೆ! ಎಷ್ಟು ಮಾರೋ ಅದನ್ನು ಅದರಿಂದಲೇ ಗುಣಿಸಿ, ಅಡಿಯ ಲೆಕ್ಕದ ಎತ್ತರದಿಂದ ಗುಣಿಸಿದರೆ ಘನ ಅಡಿ ಕೈಗೆ ಬಂತು. ಕಾಗದ ಬೇಡ, ಪಟ್ಟಿ ಬೇಡ. ಒಂದು ಹಗ್ಗ, ಎರಡು ಕೈ ಸಾಕು.

ಜಲ್ಲಿ ಬಂದ ಬೆಳಿಗ್ಗೆ ಇದನ್ನು ಮಾಡಿಯೇ ನೋಡಿದೆವು. ಟ್ರೈಲರಿನಿಂದ ಉದ್ದಕ್ಕೆ ಬಿದ್ದ ರಾಶಿಯನ್ನು ಸಲಿಕೆಯಲ್ಲಿ ದುಂಡಗೆ ಒಟ್ಟಿದರು. ಭಾವ ದನ ಕಟ್ಟುವ ಹಗ್ಗವನ್ನು ರಾಶಿಯ ಬುಡದಲ್ಲಿ ಸುತ್ತಿ, ಸೇರಿದ ಜಾಗಕ್ಕೆ ಗಂಟು ಹಾಕಿ, ಎತ್ತಿಕೊಂಡು ಎದೆಗೆ ಅಡ್ಡ ಹಿಡಿದು ಮಾರು ಹಾಕತೊಡಗಿದರು. ಎಡಗೈಯಿಂದ ಬಲಗೈಗೆ ಹಗ್ಗ ಚಿಮ್ಮುತ್ತ ಬಂತು. ಐದು ಮಾರಿಗೆ ಗಂಟು ಸಿಕ್ಕಿತು. ಐದು ಮಾರು ಎಂದರೆ ಮೂವತ್ತಡಿ, ಅದರ ಒಂಬತ್ತನೇ ಪಾಲು ಮೂರೂ ಕಾಲಿನ ಮೇಲೆ ಒಂದಿಷ್ಟು. ಕೋಲು ಅಡ್ಡ ಹಿಡಿದು ನೋಡಿದರೆ ಎತ್ತರವೂ ಅಷ್ಟೇ ಇತ್ತು. ಐದೈದಲ ಇಪ್ಪತ್ತೈದು, ಅದನ್ನು ಮೂರೂ ಕಾಲರಿಂದ ಗುಣಿಸಿದರೆ ಎಂಬತ್ತು ಚಿಲ್ಲರೆ. ಭಾಸ್ಕರರ ಈ ಸೂತ್ರ ನೂರಕ್ಕೆ ನಾಲ್ಕೈದರಷ್ಟು ಹೆಚ್ಚು ಹೇಳುತ್ತದೆ, ಪರಿಧಿಯನ್ನು ವ್ಯಾಸದ ಮೂರು ಪಟ್ಟು ಎಂದು ಒರಟಾಗಿ ಹಿಡಿದದ್ದರಿಂದ. ಅದನ್ನು ಬಿಟ್ಟರೂ ನಮಗೆ ಬೇಕಾದ ಎಪ್ಪತ್ತೈದು ಅಲ್ಲಿತ್ತು. ಟ್ರ್ಯಾಕ್ಟರಿನವನು ತಾನೂ ಹಗ್ಗ ಇಸಿದುಕೊಂಡು ಮತ್ತೊಮ್ಮೆ ಮಾರು ಹಾಕಿ ನೋಡಿದ. ಅವನ ತೋಳು ಭಾವನದಕ್ಕಿಂತ ಉದ್ದ, ಐದಕ್ಕೆ ಒಂದು ಗೇಣು ಕಡಿಮೆ ಬಂತು. ಕಾಂಪೌಂಡಿಗೆ ಒತ್ತಿ ಸುರಿದ ಅರ್ಧರಾಶಿಗೆ ಏನು ಮಾಡುತ್ತೀರಿ ಎಂದು ಕೇಳಿದ. ಅದಕ್ಕೂ ಭಾಸ್ಕರರಲ್ಲಿ ಉತ್ತರವಿದೆ: ಗೋಡೆಗೆ ಒರಗಿದ ರಾಶಿಯ ಸುತ್ತನ್ನು ಎರಡರಿಂದ ಗುಣಿಸಿ ಇಡೀ ರಾಶಿಯೆಂದೇ ಲೆಕ್ಕ ಹಾಕು, ಬಂದದ್ದರಲ್ಲಿ ಅರ್ಧ ತೆಗೆದುಕೋ. ಒಳಮೂಲೆಯಲ್ಲಿ ಬಿದ್ದಿದ್ದರೆ ನಾಲ್ಕರಿಂದ ಗುಣಿಸಿ, ಕೊನೆಗೆ ಕಾಲು ಪಾಲು. ಹೊರಮೂಲೆಯದಕ್ಕೂ ಒಂದು ದಾರಿ ಹೇಳಿದ್ದಾರೆ. ಎಂಟೂ ಮುಕ್ಕಾಲು ಶತಮಾನದ ಹಿಂದೆ ಗೋಡೆಯ ಮೂಲೆಗೆ ಕಾಳು ಸುರಿದವರ ಕಷ್ಟವೂ ಅವರಿಗೆ ಗೊತ್ತಿತ್ತು.

ಗ್ರಾವಲ್ಲಿನ ಕತೆ ಸ್ವಲ್ಪ ಬೇರೆ. ನಮಗೆ ಇನ್ನೂರು ಘನ ಅಡಿ ಬೇಕು, ಟ್ರೈಲರ್ ತೊಂಬತ್ತರದು. ಎರಡು ಲೋಡಿಗೆ ನೂರ ಎಂಬತ್ತು, ಇಪ್ಪತ್ತು ಕಡಿಮೆ. ಇಪ್ಪತ್ತು ಘನ ಅಡಿಗೆ ಯಾರೂ ಟ್ರ್ಯಾಕ್ಟರ್ ಹೊರಡಿಸುವುದಿಲ್ಲ. ಇಂಥಲ್ಲೇ ಮೂರನೇ ಲೋಡು ಪೂರ್ತಿ ಬಂದು ಬಿದ್ದು, ಮಿಕ್ಕದ್ದು ಬೇಲಿಯ ಬುಡ ಸೇರುವುದು. ಅಕ್ಕ ಪಕ್ಕದ ಮನೆಗೆ ಹೋಗಿ ಕೇಳಿದಳು. ಅವರ ಕೊಟ್ಟಿಗೆಯ ಮುಂದೆ ಹನ್ನೆರಡಡಿ, ಒಂಬತ್ತಡಿ ಕೆಸರು, ನಾಲ್ಕಿಂಚಿಗೆ ಮೂವತ್ತಾರು, ದಮ್ಮಸ್ಸಿಗೆ ಹನ್ನೆರಡು ಸೇರಿಸಿ ನಲವತ್ತೆಂಟು. ಎದುರುಮನೆಯವರಿಗೆ ಬಚ್ಚಲ ಹಿಂದಿನ ಎಂಟಡಿ, ಆರಡಿ ಜಾಗ, ಹದಿನಾರಕ್ಕೆ ಐದು ಸೇರಿ ಇಪ್ಪತ್ತೊಂದು. ನಮ್ಮ ಇಪ್ಪತ್ತು ಕೂಡಿದರೆ ಎಂಬತ್ತೊಂಬತ್ತು. ಮೂರನೇ ಲೋಡನ್ನು ಮೂರು ಮನೆಗೂ ಸಮದೂರವಾಗುವ ಹಾಗೆ ಓಣಿಯ ತಿರುವಿನಲ್ಲಿ, ಹಾಲಿನ ವ್ಯಾನು ಹೋದ ಮೇಲೆ ಸುರಿಯಬೇಕೆಂದು ಟ್ರ್ಯಾಕ್ಟರಿನವನಿಗೆ ಹೇಳಿದೆವು. ಬಾಡಿಗೆಯನ್ನು ಘನ ಅಡಿಗೆ ತಕ್ಕಂತೆ ಹಂಚಿಕೊಂಡರು, ಮಧ್ಯಾಹ್ನದ ಊಟದ ಹೊತ್ತಿಗೆ ತಿರುವು ಗುಡಿಸಿಯೂ ಆಗಿತ್ತು.